ಬಾಲ್ಯದ ಪ್ರತಿಕೂಲ ಅನುಭವಗಳ ಅಧ್ಯಯನ

ಬಾಲ್ಯದ ಪ್ರತಿಕೂಲ ಅನುಭವಗಳ ಅಧ್ಯಯನವು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಒಂದು ಸಾರ್ವಜನಿಕ ಆರೋಗ್ಯ ಸಂಶೋಧನೆ. ಬಾಲ್ಯದಲ್ಲಿ ಎದುರಿಸಿದ ದೌರ್ಜನ್ಯ, ನಿರ್ಲಕ್ಷ್ಯ ಮತ್ತು ಕೌಟುಂಬಿಕ ಸಂಕಷ್ಟಗಳಿಗೂ ದಶಕಗಳ ನಂತರ ಕಾಣಿಸಿಕೊಳ್ಳುವ ಕಾಯಿಲೆಗಳಿಗೂ ಇರುವ ಸಂಬಂಧವನ್ನು ಇದು ಪರಿಶೀಲಿಸಿತು. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರಗಳು (ಸಿಡಿಸಿ) ಹಾಗೂ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆಗಳು ಜಂಟಿಯಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದಲ್ಲಿ 1995ರಿಂದ 1997ರವರೆಗೆ ಇದಕ್ಕೆ ಮಾಹಿತಿ ಸಂಗ್ರಹಿಸಿದವು. 17,000ಕ್ಕೂ ಹೆಚ್ಚು ವಯಸ್ಕರು ಭಾಗವಹಿಸಿದ್ದ ಈ ಅಧ್ಯಯನದ ಮುಖ್ಯ ಸಂಶೋಧಕರು ವೈದ್ಯ ವಿನ್ಸೆಂಟ್ ಫೆಲಿಟ್ಟಿ ಮತ್ತು ಸಾಂಕ್ರಾಮಿಕ ರೋಗಶಾಸ್ತ್ರಜ್ಞ ರಾಬರ್ಟ್ ಆಂಡಾ. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಇದು ‘ಏಸ್ ಅಧ್ಯಯನ’ ಎಂದೇ ಪ್ರಸಿದ್ಧವಾಗಿದೆ.

ಇದರ ಮೊದಲ ವರದಿ 1998ರ ಮೇ ತಿಂಗಳಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಪ್ರಿವೆಂಟಿವ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಯವರೆಗೆ ಮನೋವೈದ್ಯರು ಮತ್ತು ಸಮಾಜ ಕಾರ್ಯಕರ್ತರ ವಿಷಯವೆಂದು ಭಾವಿಸಲಾಗಿದ್ದ ಮಕ್ಕಳ ಮೇಲಿನ ದೌರ್ಜನ್ಯವನ್ನು ಹೃದ್ರೋಗ, ಕ್ಯಾನ್ಸರ್, ಶ್ವಾಸಕೋಶದ ಕಾಯಿಲೆಗಳಂತಹ ಸಾವಿನ ಪ್ರಮುಖ ಕಾರಣಗಳೊಂದಿಗೆ ಸೇರಿಸಿ ನೋಡುವ ಕ್ರಮಕ್ಕೆ ಈ ವರದಿ ಬುನಾದಿ ಹಾಕಿತು.

## ಹಿನ್ನೆಲೆ

1980ರ ದಶಕದಲ್ಲಿ ಫೆಲಿಟ್ಟಿಯವರು ಸ್ಯಾನ್ ಡಿಯಾಗೊದಲ್ಲಿ ತೀವ್ರ ಸ್ಥೂಲಕಾಯದವರಿಗಾಗಿ ತೂಕ ಇಳಿಸುವ ಚಿಕಿತ್ಸಾ ಕಾರ್ಯಕ್ರಮವೊಂದನ್ನು ನಡೆಸುತ್ತಿದ್ದರು. ಭಾಗವಹಿಸಿದವರಲ್ಲಿ ಅನೇಕರು ಅದನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಹಾಗೆ ಬಿಟ್ಟವರಲ್ಲಿ ಬಹುಮಂದಿ ಚಿಕಿತ್ಸೆಯಿಂದ ಯಶಸ್ವಿಯಾಗಿ ತೂಕ ಕಳೆದುಕೊಳ್ಳುತ್ತಿದ್ದವರೇ ಆಗಿದ್ದುದು ಅವರಿಗೆ ಒಗಟಾಗಿ ಕಂಡಿತು. ಕಾರಣ ತಿಳಿಯಲು ಅವರು 286 ಜನರನ್ನು ವಿವರವಾಗಿ ಸಂದರ್ಶಿಸಿದರು. ಅವರಲ್ಲಿ ಗಮನಾರ್ಹ ಸಂಖ್ಯೆಯವರು ತಾವು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದುದನ್ನು ತಿಳಿಸಿದರು. ಕೆಲವರಿಗೆ ದಪ್ಪ ದೇಹವು ಅನ್ಯರ ಗಮನದಿಂದ ತಮ್ಮನ್ನು ಕಾಯುವ ಕವಚವಾಗಿತ್ತು. ತೂಕ ಇಳಿದಂತೆ ಅವರಲ್ಲಿ ಆತಂಕ ಹೆಚ್ಚುತ್ತಿತ್ತು. ವೈದ್ಯರು ‘ಸಮಸ್ಯೆ’ ಎಂದು ಕಂಡದ್ದು ರೋಗಿಯ ಪಾಲಿಗೆ ‘ಪರಿಹಾರ’ವಾಗಿರಬಹುದು ಎಂಬ ತೀರ್ಮಾನಕ್ಕೆ ಫೆಲಿಟ್ಟಿ ಬಂದರು.

1990ರಲ್ಲಿ ಅಟ್ಲಾಂಟಾದಲ್ಲಿ ನಡೆದ ಸ್ಥೂಲಕಾಯ ಕುರಿತ ಸಮ್ಮೇಳನವೊಂದರಲ್ಲಿ ಅವರು ಮಂಡಿಸಿದ ಈ ವಿಚಾರವನ್ನು ಸಭಿಕರಲ್ಲಿ ಹಲವರು ಸಂದೇಹದಿಂದ ಕಂಡರು. ಆದರೆ ಸಿಡಿಸಿಯ ಸಂಶೋಧಕರು ಆಸಕ್ತಿ ತೋರಿ, ಸಾಮಾನ್ಯ ಜನಸಮುದಾಯದ ದೊಡ್ಡ ಗುಂಪಿನಲ್ಲಿ ಇದನ್ನು ಪರೀಕ್ಷಿಸಬೇಕೆಂದು ಸೂಚಿಸಿದರು. ಹೀಗೆ ಫೆಲಿಟ್ಟಿ ಮತ್ತು ಆಂಡಾ ಅವರ ಸಹಯೋಗ ಆರಂಭವಾಯಿತು.

## ಅಧ್ಯಯನದ ವಿಧಾನ

ಕೈಸರ್ ಪರ್ಮನೆಂಟೆಯ ಚಿಕಿತ್ಸಾಲಯಕ್ಕೆ ಸಾಮಾನ್ಯ ಆರೋಗ್ಯ ತಪಾಸಣೆಗೆ ಬಂದಿದ್ದ ವಯಸ್ಕರಿಗೆ ಅಂಚೆಯ ಮೂಲಕ ಪ್ರಶ್ನಾವಳಿ ಕಳುಹಿಸಲಾಯಿತು. ಮೊದಲ ಹಂತದಲ್ಲಿ 13,494 ಜನರಿಗೆ ಕಳುಹಿಸಿದ ಪ್ರಶ್ನಾವಳಿಗೆ 9,508 ಮಂದಿ, ಅಂದರೆ ಶೇ. 70.5ರಷ್ಟು ಜನ, ಉತ್ತರಿಸಿದರು. ಎರಡನೆಯ ಹಂತವೂ ಸೇರಿ ಒಟ್ಟು ಸಂಖ್ಯೆ 17,000 ದಾಟಿತು. ಉತ್ತರಿಸಿದವರಲ್ಲಿ ಹೆಚ್ಚಿನವರು ಬಿಳಿಯ ಜನಾಂಗದವರು, ಮಧ್ಯವಯಸ್ಸು ದಾಟಿದವರು, ಆರೋಗ್ಯ ವಿಮೆ ಉಳ್ಳವರು. ಸುಮಾರು ಮುಕ್ಕಾಲು ಪಾಲು ಜನ ಕಾಲೇಜು ಮೆಟ್ಟಿಲು ಹತ್ತಿದ್ದವರು. ಬಾಲ್ಯದ ಸಂಕಷ್ಟಗಳು ಬಡ ಕುಟುಂಬಗಳಿಗೆ ಮಾತ್ರ ಸೀಮಿತವಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

18 ವರ್ಷ ತುಂಬುವ ಮೊದಲು ನಡೆದ ಘಟನೆಗಳನ್ನು ಮಾತ್ರ ಕೇಳಲಾಗಿತ್ತು. ಮೊದಲ ವರದಿಯಲ್ಲಿ ಏಳು ವರ್ಗಗಳಿದ್ದವು. ಮುಂದೆ ಅವು ಹತ್ತಾದವು:

* ದೈಹಿಕ ದೌರ್ಜನ್ಯ
* ಲೈಂಗಿಕ ದೌರ್ಜನ್ಯ
* ಭಾವನಾತ್ಮಕ ದೌರ್ಜನ್ಯ
* ದೈಹಿಕ ನಿರ್ಲಕ್ಷ್ಯ
* ಭಾವನಾತ್ಮಕ ನಿರ್ಲಕ್ಷ್ಯ
* ತಾಯಿಯ ಮೇಲೆ ನಡೆಯುವ ಹಿಂಸೆ
* ಮನೆಯಲ್ಲಿ ಮದ್ಯ ಅಥವಾ ಮಾದಕ ವ್ಯಸನಿ ಇರುವುದು
* ಮನೆಯ ಸದಸ್ಯರಿಗೆ ಮಾನಸಿಕ ಕಾಯಿಲೆ ಅಥವಾ ಆತ್ಮಹತ್ಯೆಯ ಯತ್ನ
* ತಂದೆತಾಯಿಯರು ಬೇರ್ಪಟ್ಟಿರುವುದು ಅಥವಾ ವಿಚ್ಛೇದನ ಪಡೆದಿರುವುದು
* ಮನೆಯ ಸದಸ್ಯರು ಸೆರೆವಾಸ ಅನುಭವಿಸಿರುವುದು

ಒಂದು ವರ್ಗಕ್ಕೆ ಒಂದು ಅಂಕದಂತೆ ಸೊನ್ನೆಯಿಂದ ಹತ್ತರವರೆಗೆ ‘ಏಸ್ ಅಂಕ’ವನ್ನು ಲೆಕ್ಕ ಹಾಕಲಾಗುತ್ತದೆ. ಒಂದೇ ಬಗೆಯ ಘಟನೆ ಎಷ್ಟು ಬಾರಿ ನಡೆದಿದ್ದರೂ ಒಂದೇ ಅಂಕ.

## ಫಲಿತಾಂಶಗಳು

ಉತ್ತರಿಸಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಜನ ಕನಿಷ್ಠ ಒಂದು ವರ್ಗದ ಅನುಭವವನ್ನೂ, ಸುಮಾರು ಎಂಟರಲ್ಲಿ ಒಬ್ಬರು ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ವರ್ಗಗಳ ಅನುಭವವನ್ನೂ ವರದಿ ಮಾಡಿದರು. ದೈಹಿಕ ದೌರ್ಜನ್ಯವನ್ನು ಶೇ. 28.3, ಮನೆಯಲ್ಲಿನ ವ್ಯಸನವನ್ನು ಶೇ. 26.9, ಲೈಂಗಿಕ ದೌರ್ಜನ್ಯವನ್ನು ಶೇ. 20.7ರಷ್ಟು ಜನ ತಿಳಿಸಿದ್ದರು. ಈ ಅನುಭವಗಳು ಒಂಟಿಯಾಗಿ ಬರುವುದು ವಿರಳ. ಒಂದು ಇದ್ದಲ್ಲಿ ಮತ್ತೊಂದೂ ಇರುವುದೇ ಹೆಚ್ಚು ಎಂಬುದು ಇನ್ನೊಂದು ಮುಖ್ಯ ಅಂಶ.

ಅಂಕ ಏರಿದಂತೆಲ್ಲ ಅಪಾಯವೂ ಹಂತಹಂತವಾಗಿ ಏರುತ್ತಿತ್ತು. 1998ರ ವರದಿಯ ಪ್ರಕಾರ, ಯಾವ ಪ್ರತಿಕೂಲ ಅನುಭವವೂ ಇಲ್ಲದವರಿಗೆ ಹೋಲಿಸಿದರೆ ನಾಲ್ಕು ಅಥವಾ ಹೆಚ್ಚು ವರ್ಗಗಳಿದ್ದವರಲ್ಲಿ ಮದ್ಯವ್ಯಸನ, ಮಾದಕ ವಸ್ತುಗಳ ಬಳಕೆ, ಖಿನ್ನತೆ ಮತ್ತು ಆತ್ಮಹತ್ಯೆಯ ಯತ್ನಗಳ ಅಪಾಯ 4ರಿಂದ 12 ಪಟ್ಟು ಅಧಿಕವಾಗಿತ್ತು. ಧೂಮಪಾನ ಮತ್ತು ಲೈಂಗಿಕವಾಗಿ ಹರಡುವ ರೋಗಗಳಲ್ಲಿ ಇದು 2ರಿಂದ 4 ಪಟ್ಟು. ದೈಹಿಕ ಚಟುವಟಿಕೆಯ ಕೊರತೆ ಮತ್ತು ತೀವ್ರ ಸ್ಥೂಲಕಾಯದಲ್ಲಿ 1.4ರಿಂದ 1.6 ಪಟ್ಟು. ಹೃದಯದ ರಕ್ತಕೊರತೆಯ ಕಾಯಿಲೆ, ಕ್ಯಾನ್ಸರ್, ದೀರ್ಘಕಾಲೀನ ಶ್ವಾಸಕೋಶದ ಕಾಯಿಲೆ, ಯಕೃತ್ತಿನ ಕಾಯಿಲೆ ಮತ್ತು ಮೂಳೆಮುರಿತಗಳಲ್ಲಿಯೂ ಇದೇ ಬಗೆಯ ಏರಿಕೆ ಕಂಡುಬಂದಿತು.

ಅದೇ ಸಮೂಹದ ಮರಣ ಪ್ರಮಾಣವನ್ನು ಪರಿಶೀಲಿಸಿದ 2009ರ ವರದಿಯೊಂದು, ಆ ಅವಧಿಯಲ್ಲಿ ಮರಣಹೊಂದಿದವರ ಪೈಕಿ ಆರು ಅಥವಾ ಹೆಚ್ಚು ಅಂಕದವರು ಸರಾಸರಿ 60.6ನೆಯ ವಯಸ್ಸಿನಲ್ಲಿ, ಸೊನ್ನೆ ಅಂಕದವರು ಸರಾಸರಿ 79.1ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರೆಂದು ತಿಳಿಸಿತು.

ಸಂಶೋಧಕರು ಈ ಸಂಬಂಧವನ್ನು ಪಿರಮಿಡ್ ಆಕಾರದ ಚಿತ್ರದಲ್ಲಿ ವಿವರಿಸಿದರು. ಬುಡದಲ್ಲಿ ಬಾಲ್ಯದ ಪ್ರತಿಕೂಲ ಅನುಭವ; ಅದರ ಮೇಲೆ ಮಿದುಳಿನ ಬೆಳವಣಿಗೆಯ ಏರುಪೇರು, ಭಾವನಾತ್ಮಕ ಮತ್ತು ಕಲಿಕೆಯ ತೊಂದರೆಗಳು, ಆರೋಗ್ಯಕ್ಕೆ ಮಾರಕವಾದ ಅಭ್ಯಾಸಗಳು, ಕಾಯಿಲೆ; ತುದಿಯಲ್ಲಿ ಅಕಾಲ ಮರಣ. ನಂತರದ ವರ್ಷಗಳಲ್ಲಿ ಸಿಡಿಸಿಯು ಬುಡಕ್ಕೆ ಇನ್ನೆರಡು ಪದರಗಳನ್ನು ಸೇರಿಸಿತು: ಸಾಮಾಜಿಕ ಪರಿಸ್ಥಿತಿ ಮತ್ತು ತಲೆಮಾರುಗಳಿಂದ ಬಂದ ಚಾರಿತ್ರಿಕ ಆಘಾತ.

## ಜೈವಿಕ ವಿವರಣೆ

ಅಪಾಯ ಎದುರಾದಾಗ ದೇಹವು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅಪಾಯ ಕಳೆದ ಮೇಲೆ ಈ ಸ್ಥಿತಿ ಶಮನಗೊಳ್ಳಬೇಕು. ಮಗುವಿಗೆ ಆಸರೆಯಾಗಬೇಕಾದ ಹಿರಿಯರೇ ಭಯದ ಮೂಲವಾದಾಗ, ಅಥವಾ ಆಸರೆಯೇ ಇಲ್ಲದಾಗ, ಈ ಎಚ್ಚರದ ಸ್ಥಿತಿ ದೀರ್ಘಕಾಲ ಮುಂದುವರಿಯುತ್ತದೆ. ಇದನ್ನು ‘ವಿಷಕಾರಿ ಒತ್ತಡ’ ಎಂದು ಕರೆಯಲಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜ್ಯಾಕ್ ಶಾಂಕಾಫ್ ಮತ್ತು ಸಹೋದ್ಯೋಗಿಗಳು ಈ ಪರಿಕಲ್ಪನೆಯನ್ನು ಪ್ರಚುರಪಡಿಸಿದರು. 2012ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಈ ಕುರಿತು ನೀತಿ ಹೇಳಿಕೆಯನ್ನು ಹೊರಡಿಸಿತು.

ಭಯವನ್ನು ಗ್ರಹಿಸುವ ಅಮಿಗ್ಡಲಾ, ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್, ಯೋಜನೆ ಮತ್ತು ಸಂಯಮಕ್ಕೆ ಸಂಬಂಧಿಸಿದ ಪ್ರಿಫ್ರಂಟಲ್ ಕಾರ್ಟೆಕ್ಸ್ ಇವು ಒತ್ತಡಕ್ಕೆ ವಿಶೇಷವಾಗಿ ಸ್ಪಂದಿಸುವ ಮಿದುಳಿನ ಭಾಗಗಳು. ಒತ್ತಡಕ್ಕೆ ಪದೇ ಪದೇ ಹೊಂದಿಕೊಳ್ಳುವುದರಿಂದ ದೇಹದ ಮೇಲೆ ಸಂಚಯವಾಗುವ ಸವಕಳಿಯನ್ನು ಬ್ರೂಸ್ ಮೆಕ್‌ಯೂಯೆನ್ ‘ಅಲೊಸ್ಟ್ಯಾಟಿಕ್ ಹೊರೆ’ ಎಂದು ಹೆಸರಿಸಿದರು. ದೀರ್ಘಕಾಲದ ಉರಿಯೂತ, ರೋಗನಿರೋಧಕ ವ್ಯವಸ್ಥೆಯ ಬದಲಾವಣೆ ಮತ್ತು ರಕ್ತದೊತ್ತಡದ ಏರಿಕೆ ಇದರ ಲಕ್ಷಣಗಳು.

ಅಭ್ಯಾಸಗಳ ಮಾರ್ಗವೂ ಅಷ್ಟೇ ಮುಖ್ಯವಾದುದು. ನಿಕೋಟಿನ್, ಮದ್ಯ ಮತ್ತು ಅತಿಯಾದ ಆಹಾರ ಸೇವನೆ ತಾತ್ಕಾಲಿಕವಾಗಿ ಆತಂಕವನ್ನು ತಗ್ಗಿಸುತ್ತವೆ. ಅವು ತಕ್ಷಣಕ್ಕೆ ನೆಮ್ಮದಿ ಕೊಡುವ ಕಾರಣದಿಂದಲೇ ಅವುಗಳ ಹಾನಿಯ ಕುರಿತಾದ ಉಪದೇಶ ಮಾತ್ರದಿಂದ ಅವನ್ನು ಬಿಡಿಸುವುದು ಕಷ್ಟ ಎಂದು ಫೆಲಿಟ್ಟಿ ಮತ್ತು ಆಂಡಾ ವಾದಿಸಿದರು. ಆದರೆ ಅಭ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಹೃದ್ರೋಗದೊಂದಿಗಿನ ಸಂಬಂಧ ಪೂರ್ಣವಾಗಿ ಅಳಿಯಲಿಲ್ಲ.

## ನಂತರದ ಸಂಶೋಧನೆಗಳು

2017ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯು 37 ಅಧ್ಯಯನಗಳ 2,53,719 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ನಾಲ್ಕು ಅಥವಾ ಹೆಚ್ಚು ಪ್ರತಿಕೂಲ ಅನುಭವಗಳಿಗೆ ಸ್ಥೂಲಕಾಯ ಮತ್ತು ಮಧುಮೇಹದೊಂದಿಗೆ ದುರ್ಬಲವಾದ, ಹೃದ್ರೋಗ, ಕ್ಯಾನ್ಸರ್ ಮತ್ತು ಶ್ವಾಸಕೋಶದ ಕಾಯಿಲೆಗಳೊಂದಿಗೆ ಮಧ್ಯಮ ಪ್ರಮಾಣದ, ಮಾನಸಿಕ ಅನಾರೋಗ್ಯದೊಂದಿಗೆ ಬಲವಾದ ಸಂಬಂಧವಿರುವುದು ಅದರಲ್ಲಿ ಕಂಡಿತು. ಮಾದಕ ವ್ಯಸನ ಹಾಗೂ ಹಿಂಸೆಯೊಂದಿಗಿನ ಸಂಬಂಧ ಎಲ್ಲಕ್ಕಿಂತ ಪ್ರಬಲವಾಗಿತ್ತು.

ರೊಮೇನಿಯಾದ ಬುಖಾರೆಸ್ಟ್ ನಗರದಲ್ಲಿ 2000ದಲ್ಲಿ ಆರಂಭವಾದ ಯೋಜನೆಯೊಂದು ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪನ್ನು ಸಾಕು ಕುಟುಂಬಗಳಲ್ಲಿ ಇರಿಸಿತು. ಕುಟುಂಬ ಸೇರಿದ ಮಕ್ಕಳ ಬುದ್ಧಿಶಕ್ತಿಯ ಬೆಳವಣಿಗೆ ಉತ್ತಮಗೊಂಡಿತು. ಸುಮಾರು ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚಿನ ಲಾಭವಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು ಬೇರೆ ಬೇರೆ ದೇಶಗಳಲ್ಲಿ ಬಳಸಬಹುದಾದ ಅಂತರರಾಷ್ಟ್ರೀಯ ಪ್ರಶ್ನಾವಳಿಯನ್ನು ರೂಪಿಸಿದೆ. ಇದರಲ್ಲಿ ಸಹಪಾಠಿಗಳ ಪೀಡನೆ, ನೆರೆಹೊರೆಯ ಹಿಂಸೆ, ಯುದ್ಧ ಮತ್ತು ಸಾಮೂಹಿಕ ಹಿಂಸಾಚಾರದಂತಹ ಮನೆಯ ಹೊರಗಿನ ಅನುಭವಗಳೂ ಸೇರಿವೆ.

## ಟೀಕೆಗಳು ಮತ್ತು ಮಿತಿಗಳು

ಮೂಲ ಅಧ್ಯಯನವು ವಯಸ್ಕರ ನೆನಪನ್ನು ಅವಲಂಬಿಸಿತ್ತು. ಬಾಲ್ಯದಲ್ಲಿಯೇ ದಾಖಲಿಸಿದ ಮಾಹಿತಿಯನ್ನೂ ವಯಸ್ಕರಾದ ಮೇಲೆ ನೆನಪಿನಿಂದ ಹೇಳಿದ ಮಾಹಿತಿಯನ್ನೂ ಹೋಲಿಸಿದ 2019ರ ವಿಶ್ಲೇಷಣೆಯೊಂದು, ಈ ಎರಡು ವಿಧಾನಗಳು ಬಹುಮಟ್ಟಿಗೆ ಬೇರೆ ಬೇರೆ ವ್ಯಕ್ತಿಗಳನ್ನು ಗುರುತಿಸುತ್ತವೆ ಎಂದು ತೋರಿಸಿತು. ಹತ್ತು ವರ್ಗಗಳ ಪಟ್ಟಿಯಲ್ಲಿ ಬಡತನ, ಜನಾಂಗೀಯ ತಾರತಮ್ಯ, ಹಸಿವು ಮುಂತಾದವು ಇಲ್ಲದಿರುವುದು ಇನ್ನೊಂದು ಆಕ್ಷೇಪ. ತಂದೆತಾಯಿಯರ ವಿಚ್ಛೇದನಕ್ಕೂ ವರ್ಷಗಟ್ಟಲೆ ನಡೆದ ಲೈಂಗಿಕ ದೌರ್ಜನ್ಯಕ್ಕೂ ಸಮಾನ ಅಂಕ ನೀಡುವುದನ್ನೂ ವಿಮರ್ಶಕರು ಪ್ರಶ್ನಿಸಿದ್ದಾರೆ.

ಹೆಚ್ಚು ಚರ್ಚೆಗೆ ಒಳಗಾಗಿರುವುದು ಅಂಕವನ್ನು ವ್ಯಕ್ತಿಗಳಿಗೆ ಅನ್ವಯಿಸುವ ಪದ್ಧತಿ. ಏಸ್ ಅಂಕವು ಸಮುದಾಯದ ಮಟ್ಟದಲ್ಲಿ ಅಪಾಯವನ್ನು ಅಳೆಯುವ ಸಾಧನ. ಅಧಿಕ ಅಂಕವಿದ್ದೂ ಆರೋಗ್ಯವಂತರಾಗಿರುವವರು, ಕಡಿಮೆ ಅಂಕವಿದ್ದೂ ಕಾಯಿಲೆಗೆ ಒಳಗಾಗುವವರು ಅನೇಕರಿದ್ದಾರೆ. 2020ರಲ್ಲಿ ಸ್ವತಃ ಆಂಡಾ ಮತ್ತು ಸಹಲೇಖಕರು, ಈ ಅಂಕವು ಸ್ಥೂಲವಾದ ಅಳತೆಯೆಂದೂ ಒಬ್ಬ ವ್ಯಕ್ತಿಯ ಭವಿಷ್ಯವನ್ನು ಊಹಿಸಲು ಅಥವಾ ಚಿಕಿತ್ಸೆಯನ್ನು ನಿರ್ಧರಿಸಲು ತಕ್ಕುದಲ್ಲವೆಂದೂ ಎಚ್ಚರಿಸಿದರು. ಮಗುವೊಂದಕ್ಕೆ ‘ಅಧಿಕ ಅಂಕ’ದ ಹಣೆಪಟ್ಟಿ ಹಚ್ಚುವುದು ಕಳಂಕಕ್ಕೆ ಕಾರಣವಾಗಬಹುದೆಂಬ ಆತಂಕವೂ ಇದೆ. ಮತ್ತೊಂದೆಡೆ, ಕ್ಯಾಲಿಫೋರ್ನಿಯಾ ರಾಜ್ಯವು ಅದರ ಮೊದಲ ಸರ್ಜನ್ ಜನರಲ್ ಆಗಿದ್ದ ಮಕ್ಕಳ ವೈದ್ಯೆ ನದೀನ್ ಬರ್ಕ್ ಹ್ಯಾರಿಸ್ ಅವರ ನೇತೃತ್ವದಲ್ಲಿ 2020ರಿಂದ ಇಂತಹ ತಪಾಸಣೆಯನ್ನು ಪ್ರೋತ್ಸಾಹಿಸಿತು. ಬೇಗ ಗುರುತಿಸಿದರೆ ಬೇಗ ನೆರವು ನೀಡಬಹುದು ಎಂಬುದು ಅದರ ಬೆಂಬಲಿಗರ ವಾದ.

## ರಕ್ಷಣಾತ್ಮಕ ಅಂಶಗಳು ಮತ್ತು ತಡೆ

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಜನಿಸಿದ ಮಕ್ಕಳನ್ನು ದಶಕಗಳ ಕಾಲ ಅನುಸರಿಸಿದ ಎಮ್ಮಿ ವರ್ನರ್ ಅವರ ಅಧ್ಯಯನವು, ತೀವ್ರ ಸಂಕಷ್ಟದಲ್ಲಿ ಬೆಳೆದವರಲ್ಲಿ ಸುಮಾರು ಮೂರನೇ ಒಂದು ಭಾಗದವರು ಸಮರ್ಥ ವಯಸ್ಕರಾಗಿ ಬೆಳೆದುದನ್ನು ದಾಖಲಿಸಿತು. ಅಜ್ಜಿ, ಶಿಕ್ಷಕರು, ನೆರೆಯವರು ಹೀಗೆ ಕನಿಷ್ಠ ಒಬ್ಬ ಹಿರಿಯರೊಂದಿಗಿನ ಸ್ಥಿರವಾದ, ಅಕ್ಕರೆಯ ಸಂಬಂಧ ಅವರನ್ನು ಕಾಪಾಡಿದ ಮುಖ್ಯ ಅಂಶಗಳಲ್ಲಿ ಒಂದಾಗಿತ್ತು. ವಿಸ್ಕಾನ್ಸಿನ್ ರಾಜ್ಯದ ವಯಸ್ಕರ ಕುರಿತಾದ 2019ರ ವರದಿಯು, ಬಾಲ್ಯದ ಸಕಾರಾತ್ಮಕ ಅನುಭವಗಳು ಹೆಚ್ಚಿದ್ದವರಲ್ಲಿ ಪ್ರತಿಕೂಲ ಅನುಭವಗಳಿದ್ದಾಗಲೂ ಖಿನ್ನತೆಯ ಪ್ರಮಾಣ ಕಡಿಮೆಯಿರುವುದನ್ನು ಗುರುತಿಸಿತು.

ತಡೆಯ ಕ್ರಮಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಶುಶ್ರೂಷಕಿಯರ ಮನೆ ಭೇಟಿ. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 1970ರ ದಶಕದ ಕೊನೆಯಲ್ಲಿ ಡೇವಿಡ್ ಓಲ್ಡ್ಸ್ ಆರಂಭಿಸಿದ ಪ್ರಯೋಗದಲ್ಲಿ, ಗರ್ಭಾವಸ್ಥೆಯಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಶುಶ್ರೂಷಕಿಯರು ಭೇಟಿ ನೀಡಿದ ಕುಟುಂಬಗಳಲ್ಲಿ, ಹದಿನೈದು ವರ್ಷಗಳ ನಂತರವೂ ಮಕ್ಕಳ ಮೇಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ವರದಿಗಳು ಕಡಿಮೆಯಿದ್ದವು. ಕುಟುಂಬಗಳಿಗೆ ಆರ್ಥಿಕ ನೆರವು, ಪೋಷಕರಿಗೆ ತರಬೇತಿ, ಉತ್ತಮ ಶಿಶುಪಾಲನಾ ವ್ಯವಸ್ಥೆ ಮತ್ತು ವ್ಯಸನ ಚಿಕಿತ್ಸೆ ಇತರ ಮಾರ್ಗಗಳು.

## ಭಾರತದಲ್ಲಿ

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಒಳಗೊಂಡಿತ್ತು. ಅವರಲ್ಲಿ ಮೂವರಲ್ಲಿ ಇಬ್ಬರು ದೈಹಿಕ ದೌರ್ಜನ್ಯಕ್ಕೂ, ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೂ ಒಳಗಾಗಿದ್ದುದು ವರದಿಯಾಯಿತು. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗೆ 2012ರಲ್ಲಿ ಪೋಕ್ಸೊ ಕಾಯ್ದೆ, ಆರೈಕೆ ಮತ್ತು ರಕ್ಷಣೆಗೆ 2015ರಲ್ಲಿ ಬಾಲ ನ್ಯಾಯ ಕಾಯ್ದೆ ಅಂಗೀಕಾರಗೊಂಡವು. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1098 ಸಂಖ್ಯೆಯ ಉಚಿತ ಸಹಾಯವಾಣಿ ಇದೆ.

ಕರ್ನಾಟಕದಲ್ಲಿ ಈ ಕ್ಷೇತ್ರದ ಪ್ರಮುಖ ಸಂಸ್ಥೆ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್). ಸಂಕಷ್ಟದಲ್ಲಿರುವ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಕೇಂದ್ರ ಸಚಿವಾಲಯದ ಬೆಂಬಲದಿಂದ ‘ಸಂವಾದ್’ ಎಂಬ ಉಪಕ್ರಮವು ಇಲ್ಲಿ ನಡೆಯುತ್ತಿದೆ. ನಿಮ್ಹಾನ್ಸ್ ಸಹಭಾಗಿತ್ವದ ಭಾರತ–ಬ್ರಿಟನ್ ಜಂಟಿ ಸಂಶೋಧನೆ ‘ಸಿ-ವೇದ’ವು ಬೆಂಗಳೂರು ಮತ್ತು ಮೈಸೂರು ಸೇರಿದಂತೆ ದೇಶದ ಹಲವು ಕೇಂದ್ರಗಳಲ್ಲಿ ಮಕ್ಕಳು ಹಾಗೂ ಯುವಜನರ ಮಿದುಳಿನ ಬೆಳವಣಿಗೆ ಮತ್ತು ಮಾನಸಿಕ ಆರೋಗ್ಯದ ಜೊತೆಗೆ ಬಾಲ್ಯದ ಪ್ರತಿಕೂಲ ಅನುಭವಗಳನ್ನೂ ದಾಖಲಿಸುತ್ತದೆ.

## ಇವನ್ನೂ ನೋಡಿ

* ಮಕ್ಕಳ ಹಕ್ಕುಗಳು
* ಕೌಟುಂಬಿಕ ಹಿಂಸೆ
* ಖಿನ್ನತೆ
* ಸಾರ್ವಜನಿಕ ಆರೋಗ್ಯ
* ನಿಮ್ಹಾನ್ಸ್