ಬೆಂಗಳೂರು ಪೂರ್ವ ಭಾಗದ ಕೆರೆಗಳ ಅಧ್ಯಯನ

ಬೆಂಗಳೂರು ಪೂರ್ವ ಭಾಗದ ಕೆರೆಗಳ ಅಧ್ಯಯನ ಎಂಬುದು ದಂಡು ಪ್ರದೇಶ, ಹಲಸೂರು, ಇಂದಿರಾನಗರ, ಕೆ.ಆರ್.ಪುರ ಹಾಗೂ ಅವುಗಳ ಕೆಳಭಾಗದ ಬೆಳ್ಳಂದೂರು–ವರ್ತೂರು ಪ್ರದೇಶದ ಕೆರೆಗಳನ್ನು ಕುರಿತು ವಿಶ್ವವಿದ್ಯಾಲಯಗಳು ಮತ್ತು ಉನ್ನತ ಸಂಶೋಧನಾ ಸಂಸ್ಥೆಗಳು ನಡೆಸಿರುವ ಸಂಶೋಧನೆಗಳ ಸಮೂಹ. ಸಮಾಜವಿಜ್ಞಾನ, ವಾಣಿಜ್ಯ ಮತ್ತು ಆಡಳಿತ, ಪರಿಸರ ವಿಜ್ಞಾನ ಹಾಗೂ ಎಂಜಿನಿಯರಿಂಗ್ ಎಂಬ ನಾಲ್ಕು ಶಾಖೆಗಳ ವಿದ್ವಾಂಸರು ಈ ಕೆರೆಗಳನ್ನು ಅಧ್ಯಯನ ಮಾಡಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳು ಈ ಕ್ಷೇತ್ರದ ಪ್ರಮುಖ ಸಂಸ್ಥೆಗಳಾಗಿವೆ. ಕೆರೆಯನ್ನು ಅದರ ದಂಡೆಯೊಳಗಿನ ನೀರೆಂದು ಮಾತ್ರ ಕಾಣದೆ, ಕಾಲುವೆ, ಜಲಾನಯನ ಪ್ರದೇಶ ಮತ್ತು ಅವಲಂಬಿತ ಜನರನ್ನು ಒಳಗೊಂಡ ಒಂದು ವ್ಯವಸ್ಥೆಯೆಂದು ಕಾಣಬೇಕೆಂಬುದು ಈ ಸಂಶೋಧನೆಗಳ ಸಮಾನ ನಿಲುವಾಗಿದೆ.

ಹಿನ್ನೆಲೆ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ. ನಗರದೊಳಗೆ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಆದ್ದರಿಂದ ಮಳೆನೀರನ್ನು ತಗ್ಗಿನಲ್ಲಿ ಏರಿ ಕಟ್ಟಿ ನಿಲ್ಲಿಸುವ ಪದ್ಧತಿ ಇಲ್ಲಿ ಬಹು ಹಿಂದೆಯೇ ಬೆಳೆಯಿತು. ಮೇಲಿನ ಕೆರೆ ತುಂಬಿದಾಗ ಹೆಚ್ಚುವರಿ ನೀರು ಕೋಡಿಯ ಮೂಲಕ ಕೆಳಗಿನ ಕೆರೆಗೆ ಹರಿಯುತ್ತಿತ್ತು. ತೂಬನ್ನು ತೆರೆದು ಗದ್ದೆ ತೋಟಗಳಿಗೆ ನೀರು ಬಿಡುವ ಹೊಣೆ ನೀರುಗಂಟಿಯದಾಗಿತ್ತು. ಪೂರ್ವ ಭಾಗದಲ್ಲಿ ಹಲಸೂರು ಕೆರೆಯ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯ ಮೂಲಕ ಬೆಳ್ಳಂದೂರು ಕೆರೆಗೂ, ಅಲ್ಲಿಂದ ವರ್ತೂರು ಕೆರೆಗೂ, ಕೊನೆಗೆ ದಕ್ಷಿಣ ಪಿನಾಕಿನಿ ನದಿಗೂ ಸೇರುತ್ತದೆ.

ಈ ಭಾಗದ ಕೆರೆಗಳ ಪ್ರಾಚೀನತೆಗೆ ಶಾಸನಗಳ ಆಧಾರವಿದೆ. ವಿಭೂತಿಪುರದಲ್ಲಿ ದೊರೆತ, ಹೊಯ್ಸಳ ಮೂರನೇ ವೀರಬಲ್ಲಾಳನ ಕಾಲದ 1307ರ ಶಾಸನವು ಕಾಡನ್ನು ಕಡಿದು ಊರು ನಿರ್ಮಿಸಿ ಕೆರೆ ಕಟ್ಟಿದ ಸಂಗತಿಯನ್ನು ತಿಳಿಸುತ್ತದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡಿದ್ದು, ಇಂದಿನ ಸಂಶೋಧಕರಿಗೂ ಮುಖ್ಯ ಆಕರವಾಗಿದೆ.

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಸ್ಥಾಪಿಸಿದ ಮೇಲೆ ಇಲ್ಲಿನ ಕೆರೆಗಳು ಸೈನ್ಯ ಮತ್ತು ನಾಗರಿಕರಿಗೆ ಕುಡಿಯುವ ನೀರು ಒದಗಿಸತೊಡಗಿದವು. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಹಾಗೂ 1974ರಲ್ಲಿ ಕಾವೇರಿಯಿಂದ ನಲ್ಲಿ ನೀರು ಬಂದಂತೆ ಊರಿನ ಕೆರೆಗಳ ಮೇಲಿನ ಅವಲಂಬನೆ ಕುಗ್ಗಿತು. ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆಯ ಆರೈಕೆ ತಪ್ಪಿತೆಂಬುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ಚಲ್ಲಘಟ್ಟ ಕೆರೆಯ ಜಾಗದಲ್ಲಿ ಗಾಲ್ಫ್ ಮೈದಾನವೂ, ದೊಮ್ಮಲೂರು ಕೆರೆಯ ಜಾಗದಲ್ಲಿ ವಸತಿ ಬಡಾವಣೆಯೂ ತಲೆಯೆತ್ತಿದವು.

ಸಮಾಜವಿಜ್ಞಾನದ ಅಧ್ಯಯನಗಳು

ಸ್ಮೃತಿ ಶ್ರೀನಿವಾಸ್ ಅವರ 2001ರ ಕೃತಿಯು ಬೆಂಗಳೂರು ಕರಗದ ಆಚರಣೆಯ ಮೂಲಕ ನಗರದ ನೆನಪುಗಳನ್ನು ಶೋಧಿಸುತ್ತದೆ. ಜಾನಕಿ ನಾಯರ್ ಅವರು 2005ರಲ್ಲಿ ಪ್ರಕಟಿಸಿದ ಗ್ರಂಥವು ಪೇಟೆ ಮತ್ತು ದಂಡು ಎಂಬ ಎರಡು ಊರುಗಳು 20ನೆಯ ಶತಮಾನದಲ್ಲಿ ಒಂದು ಮಹಾನಗರವಾದ ಬಗೆಯನ್ನು ವಿವರಿಸುತ್ತದೆ.

ಪೇಟೆ ಮತ್ತು ದಂಡಿನ ನಡುವೆ ಇದ್ದ ಸಂಪಂಗಿ ಕೆರೆಯನ್ನು ಕುರಿತು ಹಿತಾ ಉನ್ನಿಕೃಷ್ಣನ್, ಬಿ. ಮಂಜುನಾಥ ಮತ್ತು ಹರಿಣಿ ನಾಗೇಂದ್ರ ಅವರು 2016ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹಳೆಯ ನಕ್ಷೆಗಳು, ಪತ್ರಾಗಾರದ ಕಡತಗಳು ಮತ್ತು ಹಿರಿಯರ ನೆನಪುಗಳು ಇದಕ್ಕೆ ಆಧಾರ. ಒಂದು ಕಾಲದಲ್ಲಿ ತೋಟಗಾರಿಕೆ, ದನ ಮೇಯಿಸುವಿಕೆ, ಇಟ್ಟಿಗೆ ತಯಾರಿಕೆ ಮೊದಲಾದ ಕಸುಬುಗಳಿಗೆ ಆಸರೆಯಾಗಿದ್ದ ಕೆರೆಯು ಕ್ರಮೇಣ ವಿಹಾರ ಮತ್ತು ಆಟದ ಬಯಲಾಗಿ, ಅಂತಿಮವಾಗಿ ಕಂಠೀರವ ಕ್ರೀಡಾಂಗಣವಾದುದನ್ನು ಪ್ರಬಂಧ ನಿರೂಪಿಸುತ್ತದೆ. ಕೆರೆಯಲ್ಲಿ ನೀರು ನಿಲ್ಲಬೇಕೆಂದು ಬೇಸಾಯಗಾರರು ಬಯಸಿದರೆ, ಸುತ್ತಲಿನ ಬಂಗಲೆಗಳ ನಿವಾಸಿಗಳ ಬಯಕೆ ಬೇರೆಯಾಗಿತ್ತು. ಈ ಪೈಪೋಟಿಯಲ್ಲಿ ಬೇಸಾಯಗಾರರ ಹಕ್ಕು ಹಿಂದೆ ಸರಿಯಿತು. ಇಂದು ಉಳಿದಿರುವ ಚಿಕ್ಕ ಕೊಳವು ಕರಗದ ಆಚರಣೆಯಲ್ಲಿ ಬಳಕೆಯಾಗುತ್ತದೆ.

ಸಮುದಾಯದ ಸೊತ್ತುಗಳ ನಿರ್ವಹಣೆಯ ಅಧ್ಯಯನಕ್ಕಾಗಿ 2009ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಎಲಿನಾರ್ ಓಸ್ಟ್ರಾಮ್ ಅವರು 2012ರಲ್ಲಿ ಬೆಂಗಳೂರಿಗೆ ಬಂದಾಗ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಸಂದರ್ಶಿಸಿದ್ದರು. ಅವರು ಮತ್ತು ಹರಿಣಿ ನಾಗೇಂದ್ರ ಜೊತೆಯಾಗಿ ಬರೆದ, ನಗರದ 7 ಕೆರೆಗಳನ್ನು ಹೋಲಿಸುವ ಪ್ರಬಂಧವು ಓಸ್ಟ್ರಾಮ್ ಅವರ ಮರಣಾನಂತರ 2014ರಲ್ಲಿ ಪ್ರಕಟವಾಯಿತು. ಕೆರೆಯ ಗಾತ್ರ, ಮಾಲಿನ್ಯದ ಪ್ರಮಾಣ, ಸ್ಥಳೀಯ ಮುಂದಾಳತ್ವ, ಬಡ ಬಳಕೆದಾರರನ್ನು ಹೊರಗಿಡದಿರುವಿಕೆ ಹಾಗೂ ಸರ್ಕಾರಿ ಸಂಸ್ಥೆಗಳೊಡನೆ ನಾಗರಿಕರ ಸಂಪರ್ಕ ಇವುಗಳ ದೃಷ್ಟಿಯಿಂದ ಕೆರೆಗಳ ಏಳುಬೀಳುಗಳನ್ನು ಅದು ಪರಿಶೀಲಿಸುತ್ತದೆ.

ವಾಣಿಜ್ಯ ಮತ್ತು ಆಡಳಿತ

2002ರಲ್ಲಿ ರಾಜ್ಯ ಸರ್ಕಾರವು ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ಸರ್ಕಾರಿ–ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ಹೆಬ್ಬಾಳ, ನಾಗವಾರ, ಅಗರ ಹಾಗೂ ಕೆ.ಆರ್.ಪುರದ ವೆಂಗಯ್ಯನಕೆರೆಗಳನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಡುವ ಕ್ರಮ ಇದರ ಮೂಲಕ ಕೈಗೊಳ್ಳಲ್ಪಟ್ಟಿತು. ನಿರ್ವಹಣಾ ವೆಚ್ಚವನ್ನು ಪ್ರವೇಶ ಶುಲ್ಕ, ದೋಣಿ ವಿಹಾರ, ಉಪಾಹಾರ ಗೃಹ ಮುಂತಾದವುಗಳಿಂದ ಭರಿಸಿಕೊಳ್ಳುವುದು ಈ ಮಾದರಿಯ ತಿರುಳು.

ಖಾಸಗಿ ನಿರ್ವಹಣೆಯ ಪರಿಣಾಮವನ್ನು ಉನ್ನಿಕೃಷ್ಣನ್ ಮತ್ತು ನಾಗೇಂದ್ರ ಅವರು 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪರಿಶೀಲಿಸಿದರು. ಶುಲ್ಕ ಮತ್ತು ಬೇಲಿ ಬಂದಲ್ಲಿ ವಿಹಾರದ ಅನುಕೂಲ ಹೆಚ್ಚಿದರೂ ಹುಲ್ಲು ಕೊಯ್ಯುವವರು, ದನಗಾಹಿಗಳು, ಮೀನುಗಾರರು ಮತ್ತು ಅಗಸರು ಕೆರೆಯಿಂದ ದೂರವಾಗುತ್ತಾರೆ ಎಂಬುದು ಇಂತಹ ಅಧ್ಯಯನಗಳ ಮುಖ್ಯ ಅಂಶ. ಲೆಕ್ಕಪತ್ರದಲ್ಲಿ ಆದಾಯವಾಗಿ ಕಾಣದ ಈ ಬಳಕೆಗಳು ಬಡ ಕುಟುಂಬಗಳಿಗೆ ಜೀವನಾಧಾರವಾಗಿದ್ದವು.

ಗುತ್ತಿಗೆಯನ್ನು ಪ್ರಶ್ನಿಸಿ 2008ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲ್ ಅವರ ಅಧ್ಯಕ್ಷತೆಯ ಸಮಿತಿಯು ವರದಿ ನೀಡಿತು. 2012ರಲ್ಲಿ ನ್ಯಾಯಾಲಯವು ಆ ವರದಿಯನ್ನು ಅಂಗೀಕರಿಸಿ ಕೆರೆಗಳ ರಕ್ಷಣೆಗೆ ನಿರ್ದೇಶನಗಳನ್ನು ನೀಡಿತು. 2014ರಲ್ಲಿ ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮ ರಚನೆಯಾಯಿತು.

ಪರಿಸರ ವಿಜ್ಞಾನ

ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರದಲ್ಲಿ ಟಿ. ವಿ. ರಾಮಚಂದ್ರ ಅವರ ತಂಡವು 1973ರಿಂದ ಈಚಿನ ಉಪಗ್ರಹ ಚಿತ್ರಗಳನ್ನು ಹೋಲಿಸಿ ನಗರದ ಭೂಬಳಕೆಯ ಬದಲಾವಣೆಯನ್ನು ದಾಖಲಿಸಿದೆ. ಸುಮಾರು ನಾಲ್ಕು ದಶಕಗಳಲ್ಲಿ ಕಟ್ಟಡ, ರಸ್ತೆಗಳಿಂದ ಮುಚ್ಚಿದ ನೆಲವು ಹತ್ತು ಪಟ್ಟಿನಷ್ಟು ಹೆಚ್ಚಿದ್ದು, ಜಲಾಶ್ರಯಗಳ ವ್ಯಾಪ್ತಿ ಶೇಕಡಾ 79ರಷ್ಟು ಕುಗ್ಗಿದೆ ಎಂಬುದು ಆ ತಂಡದ ಅಂದಾಜು. ನೆಲ ಮುಚ್ಚಿದಾಗ ಮಳೆನೀರು ಇಂಗದೆ ಒಮ್ಮೆಲೇ ಹರಿಯುತ್ತದೆ. ಹೀಗಾಗಿ ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ಅಂತರ್ಜಲದ ಕೊರತೆ ಎರಡೂ ಒಂದೇ ಕಾರಣದಿಂದ ಉಂಟಾಗುತ್ತವೆ.

ಸುಮಾರು 50 ಹೆಕ್ಟೇರ್ ವಿಸ್ತಾರದ ಹಲಸೂರು ಕೆರೆಯಲ್ಲಿ ಮಾರ್ಚ್ 2016ರಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಇಂತಹ ಘಟನೆಯ ಹಿಂದಿನ ಕ್ರಿಯೆ ಹೀಗಿದೆ: ಕಾಲುವೆಗಳ ಮೂಲಕ ಬರುವ ಒಳಚರಂಡಿ ನೀರಿನಲ್ಲಿ ಸಾವಯವ ಕಲ್ಮಶವಿರುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಸಾರಜನಕ ಮತ್ತು ರಂಜಕಗಳಿಂದ ಪಾಚಿ ಅತಿಯಾಗಿ ಬೆಳೆಯುತ್ತದೆ. ಪಾಚಿಯೂ ರಾತ್ರಿಯಲ್ಲಿ ಆಮ್ಲಜನಕವನ್ನು ಸೇವಿಸುವುದರಿಂದ ಬೆಳಗಿನ ಜಾವದ ವೇಳೆಗೆ ಮೀನುಗಳು ಉಸಿರುಗಟ್ಟುತ್ತವೆ. ಬೇಸಿಗೆಯಲ್ಲಿ ಬೆಚ್ಚಗಿನ ನೀರು ಕಡಿಮೆ ಆಮ್ಲಜನಕವನ್ನು ಹಿಡಿದಿಡುವುದರಿಂದ ಅಪಾಯ ಇನ್ನೂ ಹೆಚ್ಚು.

ಎಂಜಿನಿಯರಿಂಗ್

ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಕೋಡಿಯಲ್ಲಿ ಏಳುವ ನೊರೆಯು 2015ರಿಂದೀಚೆಗೆ ದೇಶದ ಗಮನ ಸೆಳೆಯಿತು. ಜನವರಿ 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಹತ್ತಿದ ಬೆಂಕಿಯನ್ನು ನಂದಿಸಲು ಸೇನೆಯ ಯೋಧರೂ ಕೈಜೋಡಿಸಬೇಕಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದ ಸಂಶೋಧಕರು ನೊರೆಯ ಮೂಲವನ್ನು ಅಧ್ಯಯನ ಮಾಡಿದರು. ಮನೆಗಳಲ್ಲಿ ಬಳಸುವ ಮಾರ್ಜಕಗಳ ಅಂಶವು ಶುದ್ಧೀಕರಣಗೊಳ್ಳದ ನೀರಿನೊಡನೆ ಕೆರೆ ಸೇರಿ ಹೂಳಿಗೆ ಅಂಟಿಕೊಳ್ಳುತ್ತದೆ. ಜೋರು ಮಳೆ ಬಂದಾಗ ಹೂಳು ಕದಡಿ ಮಾರ್ಜಕದ ಅಂಶ ಮತ್ತೆ ನೀರಿಗೆ ಸೇರುತ್ತದೆ. ಕೋಡಿಯಿಂದ ನೀರು ಧುಮುಕುವಾಗ ಗಾಳಿ ಬೆರೆತು ನೊರೆಯೇಳುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಆ ನೊರೆ ಬೇಗ ಒಡೆಯದಂತೆ ಮಾಡುತ್ತವೆ. ಮೇಲೆ ಬಲೆ ಕಟ್ಟುವುದರಿಂದಾಗಲಿ ನೀರು ಚಿಮುಕಿಸುವುದರಿಂದಾಗಲಿ ಮೂಲದೋಷ ನಿವಾರಣೆಯಾಗದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದೇ ಕಣಿವೆಯ ಕೊಳಚೆ ನೀರನ್ನು ಶುದ್ಧೀಕರಿಸಿ ಬರಪೀಡಿತ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ನೀರಿನಿಂದ 126 ಕೆರೆಗಳನ್ನು ತುಂಬಿಸುವುದು ಇದರ ಗುರಿ. ಕೆರೆಗಳು ತುಂಬಿದಲ್ಲಿ ಅಂತರ್ಜಲ ಮಟ್ಟ ಏರಿದುದನ್ನು ಅಧ್ಯಯನಗಳು ದಾಖಲಿಸಿವೆ. ಆದರೆ ಎರಡನೇ ಹಂತದ ಶುದ್ಧೀಕರಣದಲ್ಲಿ ಸಾರಜನಕ ಮತ್ತು ರಂಜಕಗಳು ಪೂರ್ಣವಾಗಿ ಹೋಗುವುದಿಲ್ಲವಾದ್ದರಿಂದ ಮೂರನೇ ಹಂತವೂ ಅಗತ್ಯವೆಂದು ಪರಿಸರ ವಿಜ್ಞಾನಿಗಳು ಮತ್ತು ಜಿಲ್ಲೆಯ ರೈತ ಸಂಘಟನೆಗಳು ಒತ್ತಾಯಿಸಿದವು. ವಿವಾದವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಕೆರೆಗೆ ಸೇರುವ ಮುನ್ನ ಶುದ್ಧೀಕೃತ ನೀರನ್ನು ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸುವುದು ಮತ್ತೊಂದು ವಿಧಾನ. ಉತ್ತರ ಬೆಂಗಳೂರಿನ ಜಕ್ಕೂರು ಕೆರೆಯು ಇದರ ಹೆಚ್ಚು ಅಧ್ಯಯನಗೊಂಡ ಉದಾಹರಣೆಯಾಗಿದೆ.

ಸಮಾನ ಫಲಿತಾಂಶಗಳು

ಬೇರೆ ಬೇರೆ ಶಾಖೆಗಳ ಈ ಅಧ್ಯಯನಗಳಲ್ಲಿ ಮುಖ್ಯವಾಗಿ ಕೆಳಗಿನ ಅಂಶಗಳು ಕಂಡುಬರುತ್ತವೆ:

• ಒಳಚರಂಡಿ ನೀರು ಕಾಲುವೆಗೆ ಸೇರುವುದನ್ನು ತಡೆಯದೆ ಹೂಳೆತ್ತುವುದು, ಬೇಲಿ ಹಾಕುವುದು, ನಡಿಗೆ ಪಥ ನಿರ್ಮಿಸುವುದು ಶಾಶ್ವತ ಪರಿಹಾರವಲ್ಲ.
• ರಾಜಕಾಲುವೆ ಒತ್ತುವರಿಯಾದರೆ ಕೆರೆಗೆ ಮಳೆನೀರಿನ ದಾರಿ ಮುಚ್ಚುತ್ತದೆ. ತಗ್ಗಿನ ಬಡಾವಣೆಗಳಿಗೆ ನೆರೆ ನುಗ್ಗುತ್ತದೆ.
• ಮೇಲಿನ ಕೆರೆಯ ಮಾಲಿನ್ಯವನ್ನು ಕೆಳಗಿನ ಕೆರೆ ಹೊರಬೇಕಾಗುತ್ತದೆ. ಹಲಸೂರಿನಿಂದ ವರ್ತೂರಿನವರೆಗಿನ ಸರಣಿಯನ್ನು ಒಂದಾಗಿ ನಿರ್ವಹಿಸಬೇಕು.
• ನಿರ್ವಹಣೆಯಲ್ಲಿ ಬಡಾವಣೆಯ ನಿವಾಸಿಗಳಷ್ಟೇ ಅಲ್ಲದೆ ಕೆರೆಯನ್ನು ನಂಬಿದ ಕಸುಬಿನವರಿಗೂ ಸ್ಥಾನವಿರಬೇಕು.

ಸಾರ್ವಜನಿಕ ಪರಿಣಾಮ

ಕೆರೆಯಂಚಿನಿಂದ 75 ಮೀಟರ್‌ವರೆಗೆ ಕಟ್ಟಡ ನಿರ್ಮಾಣವನ್ನು ನಿರ್ಬಂಧಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರಲ್ಲಿ ಆದೇಶಿಸಿತು. ಮಾರ್ಚ್ 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಗೊಳಿಸಿತು. ಬೆಳ್ಳಂದೂರು ಕೆರೆಯ ಪ್ರಕರಣದಲ್ಲಿ ಡಿಸೆಂಬರ್ 2018ರಲ್ಲಿ ನ್ಯಾಯಮಂಡಳಿಯು ಪುನರುಜ್ಜೀವನಕ್ಕಾಗಿ 500 ಕೋಟಿ ರೂಪಾಯಿ ಮೀಸಲಿಡುವಂತೆ ರಾಜ್ಯ ಸರ್ಕಾರಕ್ಕೆ ಸೂಚಿಸಿತು. 2024ರ ಬೇಸಿಗೆಯಲ್ಲಿ ನಗರದ ಪೂರ್ವ ಹೊರವಲಯದ ಕೊಳವೆಬಾವಿಗಳು ಬತ್ತಿ ನೀರಿನ ಟ್ಯಾಂಕರುಗಳಿಗೆ ಬೇಡಿಕೆ ಏರಿದಾಗ, ಕೆರೆ ಮತ್ತು ಅಂತರ್ಜಲದ ಸಂಬಂಧವನ್ನು ಕುರಿತ ಈ ಸಂಶೋಧನೆಗಳು ಮತ್ತೆ ಚರ್ಚೆಗೆ ಬಂದವು.

ಇವನ್ನೂ ನೋಡಿ

• ಹಲಸೂರು ಕೆರೆ
• ಬೆಳ್ಳಂದೂರು ಕೆರೆ
• ವರ್ತೂರು ಕೆರೆ
• ದಕ್ಷಿಣ ಪಿನಾಕಿನಿ
• ಬೆಂಗಳೂರು ಕರಗ