ಬೆಳಕು ಮತ್ತು ಧ್ವನಿಯನ್ನು ಕಲಿಸಿದ ಶಾಲೆ

ಸಿನಿಮಾ ತಂತ್ರವನ್ನು ಕಲಿಸುವ ಸಂಸ್ಥೆ ಎಂದೊಡನೆ ಬಹುಮಂದಿಗೆ ನೆನಪಾಗುವುದು ಪುಣೆ. ಅಲ್ಲಿಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಂಭವಾದದ್ದು 1960ರಲ್ಲಿ. ಅದಕ್ಕೂ ಒಂದೂವರೆ ದಶಕ ಮೊದಲೇ ನಮ್ಮ ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಈ ವಿದ್ಯೆಗೊಂದು ಪಾಠಶಾಲೆಯಿತ್ತು ಎಂಬ ಸಂಗತಿಯನ್ನು ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರೋ!

ಅದು ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ, ಇಂದಿನ ಎಸ್.ಜೆ. ಪಾಲಿಟೆಕ್ನಿಕ್. ಸ್ಥಾಪನೆ 1943ರಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಡೆಸಿದ್ದಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಇದಕ್ಕಾಗಿ ಬಿಟ್ಟುಕೊಟ್ಟರು. ತಮ್ಮ ಹೆಸರು ಬೇಡ, ಮಹಾರಾಜರ ಹೆಸರಿರಲಿ ಎಂದರು. ಪದವಿ ಪಡೆದು ಗುಮಾಸ್ತಗಿರಿಗೆ ಕಾಯುವ ಯುವಕರಿಗಿಂತ, ಕೈಯಲ್ಲಿ ಕಸುಬುಳ್ಳ ಯುವಕರು ನಾಡಿಗೆ ಬೇಕೆಂಬುದು ಅವರ ನಿಲುವಾಗಿತ್ತು. ಅಲ್ಲಿ ಇತರ ಕೈಗಾರಿಕಾ ವಿದ್ಯೆಗಳ ಸಾಲಿನಲ್ಲಿಯೇ ಛಾಯಾಗ್ರಹಣಕ್ಕೂ ಧ್ವನಿಮುದ್ರಣಕ್ಕೂ ಸ್ಥಾನ ದೊರೆಯಿತು. ಸಿನಿಮಾ ಸೇರುವುದೆಂದರೆ ಮನೆಬಿಟ್ಟು ಓಡಿಹೋಗುವುದೆಂದು ಜನ ತಿಳಿದಿದ್ದ ಕಾಲವದು.

ಮೈಸೂರು ಸೀಮೆಗೆ ಇಂತಹ ಸಾಹಸ ಹೊಸತೇನಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟದೊಂದು ಬಾನುಲಿ ಕೇಂದ್ರವನ್ನು ತೆರೆದಿದ್ದರು. 'ಆಕಾಶವಾಣಿ' ಎಂಬ ಹೆಸರು ಮೊದಲು ಸಂದದ್ದು ಅದಕ್ಕೇ.

ಬೆಂಗಳೂರಿನ ಈ ಶಾಲೆಯಿಂದ 1946ರಲ್ಲಿ ಡಿಪ್ಲೊಮಾ ಪಡೆದು ಹೊರಬಂದವರು ಮೈಸೂರಿನ ವಿ.ಕೆ. ಮೂರ್ತಿ. ಮುಂದೆ ಬೊಂಬಾಯಿಯಲ್ಲಿ ಗುರುದತ್ತರ ಕಣ್ಣಾಗಿ ನಿಂತರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೋದೊಳಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಅದನ್ನು ಮೂರ್ತಿಯವರು ಸಾಧಿಸಿದ್ದು ದೊಡ್ಡ ದೀಪಗಳಿಂದಲ್ಲ, ಎರಡು ಕನ್ನಡಿಗಳಿಂದ. ಹೊರಗಿನ ಕನ್ನಡಿ ಬಿಸಿಲನ್ನು ಒಳಗಿನ ಕನ್ನಡಿಗೆ ಕಳಿಸಿತು. ಅದು ಕೆಳಕ್ಕೆ ತಿರುಗಿಸಿತು. ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂದು ನೀವೆಲ್ಲ ತರಗತಿಯಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದಿರಲ್ಲವೇ? ಅದೇ ನಿಯಮ! ಕಂಠಪಾಠವಾಗಿ ಉಳಿದರೆ ಅದಕ್ಕೆ ಎರಡು ಅಂಕ. ಕೈಗೆ ಇಳಿದರೆ ಚಿತ್ರಕಲೆ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಮೂರ್ತಿಯವರೇ. 2008ನೆಯ ಸಾಲಿನ ಆ ಗೌರವ 2010ರಲ್ಲಿ ಅವರಿಗೆ ಸಂದಿತು. 2014ರಲ್ಲಿ ಅವರು ತೀರಿಕೊಂಡರು.

ಇದೇ ಶಾಲೆಯಲ್ಲಿ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿಯವರು ಮೂರ್ತಿಯವರ ಬಳಿಯೇ ಸಹಾಯಕರಾಗಿ ಪಳಗಿದರು. ಗಿರೀಶ ಕಾರ್ನಾಡರ 'ಕಾಡು' (1973) ಚಿತ್ರದ ಛಾಯಾಗ್ರಹಣ ಅವರದು. 1980ರ 'ಆಕ್ರೋಶ್'ದಿಂದ ನಿರ್ದೇಶಕರಾಗಿಯೂ ಹೆಸರಾದರು. ಶಾಲೆ ಅಡಿಪಾಯ ಹಾಕಿತು. ಅದರ ಮೇಲೆ ಕಟ್ಟಲು ಕಲಿಸಿದವನು ಹಿರಿಯ ಕಸುಬುದಾರ. ವೃತ್ತಿಶಿಕ್ಷಣಕ್ಕೆ ಈ ಎರಡೂ ಬೇಕು.

1996ರಲ್ಲಿ ಈ ವಿಭಾಗ ಹೆಸರಘಟ್ಟಕ್ಕೆ ಸ್ಥಳಾಂತರಗೊಂಡು, ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿ ಮುಂದುವರಿಯಿತು. ಫಿಲ್ಮಿನ ಸುರುಳಿ ಹೋಗಿ ಡಿಜಿಟಲ್ ಕ್ಯಾಮೆರಾ ಬಂದಿದೆ. ರಾಸಾಯನಿಕದ ತೊಟ್ಟಿಗಳ ಜಾಗದಲ್ಲಿ ಕಂಪ್ಯೂಟರ್ ಕುಳಿತಿದೆ. ಆದರೆ ಬೆಳಕು ಇಂದಿಗೂ ನೇರವಾಗಿಯೇ ಚಲಿಸುತ್ತದೆ; ಧ್ವನಿ ಇಂದಿಗೂ ಗೋಡೆಗೆ ಬಡಿದು ಹಿಂದಿರುಗುತ್ತದೆ. ಯಂತ್ರವನ್ನಷ್ಟೇ ಕಲಿತವನ ವಿದ್ಯೆ ಯಂತ್ರದೊಡನೆ ಹಳತಾಗುತ್ತದೆ. ಅದರ ಹಿಂದಿನ ನಿಯಮವನ್ನು ಕಲಿತವನ ವಿದ್ಯೆ ಹಾಗಲ್ಲ.

ಹತ್ತನೆಯ ತರಗತಿಯ ಫಲಿತಾಂಶ ಬಂದಾಗಲೆಲ್ಲ "ಮೇಷ್ಟ್ರೇ, ಅಂಕ ಕಡಿಮೆ ಬಂತು, ಡಿಪ್ಲೊಮಾಕ್ಕೇ ಹಾಕಬೇಕು" ಎಂದು ತಂದೆತಾಯಿಯರು ತಲೆತಗ್ಗಿಸಿ ಹೇಳುವುದನ್ನು ಸೇವೆಯುದ್ದಕ್ಕೂ ಕೇಳಿದ್ದೇನೆ. ಆ 'ಕ್ಕೇ' ಎಂಬ ಒತ್ತಿನಲ್ಲಿರುವ ನಾಚಿಕೆ ಮಕ್ಕಳ ಮನಸ್ಸಿಗೆ ನಾಟುತ್ತದೆ. ಇಂದು ನಿಮ್ಮಲ್ಲಿ ಅನೇಕರು ತಾಯಿತಂದೆಯರಾಗಿದ್ದೀರಿ. ನಿಮ್ಮ ಮಗಳು ಕ್ಯಾಮೆರಾ ಹಿಡಿಯುತ್ತೇನೆಂದರೆ, ಮಗ ಧ್ವನಿಮುದ್ರಣ ಕಲಿಯುತ್ತೇನೆಂದರೆ, ಅದನ್ನು ಸೋತವರ ದಾರಿ ಎನ್ನಬೇಡಿ. ಮೊದಲು ಭೌತಶಾಸ್ತ್ರವನ್ನು ಚೆನ್ನಾಗಿ ಓದಲು ಹೇಳಿ. ಆಮೇಲೆ ಹರಸಿ ಕಳುಹಿಸಿ.