ಗಡಿಗೆಯಲ್ಲಿ ಉಳಿದ ಮಾತುಗಳು

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಊರಿನ ಬಳಿ, ಬೆಟ್ಟದ ಬುಡದಲ್ಲಿ ರೈತರಿಗೆ ಒಂದು ಮಣ್ಣಿನ ಗಡಿಗೆ ಸಿಕ್ಕಿತು. ಒಳಗಿದ್ದದ್ದು ಚಿನ್ನವಲ್ಲ, ಚರ್ಮದ ಹೊದಿಕೆಯ ಕೈಬರಹದ ಪುಸ್ತಕಗಳು. ಸುಮಾರು 1,600 ವರ್ಷ ಹಳೆಯವು, ಕಾಪ್ಟಿಕ್ ಭಾಷೆಯವು.

ಅವುಗಳಲ್ಲಿ ತೋಮನ ಸುವಾರ್ತೆಯೂ ಇತ್ತು. ಯೇಸು ಹೇಳಿದರೆನ್ನುವ 114 ಮಾತುಗಳು ಅದರಲ್ಲಿವೆ, ಶಿಲುಬೆಯ ಕಥೆ ಇಲ್ಲ. ಬೈಬಲಿನಲ್ಲಿ ಈ ಸುವಾರ್ತೆಗೆ ಜಾಗವಿಲ್ಲ. ಯಾಕೆ?

ಮೊದಲ 300 ವರ್ಷ ಕ್ರೈಸ್ತರೆಲ್ಲರೂ ಒಪ್ಪಿದ ಒಂದೇ ಪಟ್ಟಿ ಇರಲಿಲ್ಲ. 2ನೇ ಶತಮಾನದಲ್ಲಿ ರೋಮ್‌ನಲ್ಲಿದ್ದ ಮಾರ್ಸಿಯಾನ್ ಒಂದೇ ಸುವಾರ್ತೆ ಇಟ್ಟುಕೊಂಡು, ಯೆಹೂದ್ಯರ ಹಳೆಯ ಗ್ರಂಥಗಳನ್ನೇ ಕೈಬಿಟ್ಟರು. ಲಿಯಾನ್‌ನ ಬಿಷಪ್ ಇರೇನಿಯಸ್, ಸುವಾರ್ತೆ ನಾಲ್ಕೇ ಎಂದು ವಾದಿಸಿದರು. 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್ ಪತ್ರವೊಂದರಲ್ಲಿ 27 ಪುಸ್ತಕಗಳನ್ನು ಹೆಸರಿಸಿದರು. ಇಂದಿನ ಹೊಸ ಒಡಂಬಡಿಕೆಯಲ್ಲಿರುವುದೂ ಅವೇ.

ಅಚ್ಚು ಇಲ್ಲದ ಕಾಲದಲ್ಲಿ ನಕಲು ಮಾಡುವವರಿಲ್ಲದಿದ್ದರೆ ಪುಸ್ತಕ ಸತ್ತಂತೆ. ಪಟ್ಟಿಯಿಂದ ಹೊರಗುಳಿದ ಅನೇಕ ಪುಸ್ತಕಗಳ ಗತಿ ಹಾಗೇ ಆಯಿತು. ಅವುಗಳನ್ನು ನಂಬಿದವರ ಬಗ್ಗೆ ಉಳಿದದ್ದು ಬಹುಪಾಲು ಎದುರಾಳಿಗಳು ಬರೆದದ್ದು.

ಗಡಿಗೆ ಸಿಕ್ಕ ಮೇಲೆ ಅವರ ಮಾತೂ ಕೇಳಿಸಿತು. ಸೋತವರ ಕಥೆಯನ್ನು ಗೆದ್ದವರ ಬಾಯಿಂದಷ್ಟೇ ಕೇಳಿದರೆ ಇತಿಹಾಸ ಅರ್ಧವೇ. ಆ ಪುಸ್ತಕಗಳು ಈಗ ಕೈರೋದ ಕಾಪ್ಟಿಕ್ ಮ್ಯೂಸಿಯಂನಲ್ಲಿವೆ.